ಹಪ್ಪಳದ ಸೀಸನ್ನಿನಲ್ಲಿ ಕಯಾಕ್

ಗಾಳಿ ತುಂಬಿ ತೇಲಿಸುವ ಆ ಕಯಾಕನ್ನು ನಮ್ಮ ಬ್ಯಾಂಕಿನ ಗೆಳೆಯ ಕೊಂಡದ್ದು ರಿಯಾಯಿತಿ ಇತ್ತು ಎಂಬ ಒಂದೇ ಕಾರಣಕ್ಕೆ. ಅವನಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ಅಲ್ಲಿಗೆ ಅತಿ ಹತ್ತಿರದ ಜಲರಾಶಿಯೆಂದರೆ ದಿನ ಬಿಟ್ಟು ದಿನ ಬರುವ ಟ್ಯಾಂಕರು. ಎರಡು ವರ್ಷ ಅಟ್ಟದ ಮೇಲೆ ಮಡಚಿಕೊಂಡು ಕೂತಿದ್ದ ಕಯಾಕ್, ಅವನ ಹೆಂಡತಿಯ ಕಣ್ಣಿಗೆ ಬಿದ್ದಾಗಲೆಲ್ಲ ಅವನನ್ನು ಮುಳುಗಿಸುತ್ತಿತ್ತು. ಕೊನೆಗೊಂದು ದಿನ ಆಕೆ, "ಒಂದೋ ಅದನ್ನ ತೇಲಿಸಿ, ಇಲ್ಲಾ ಗುಜರಿಗೆ ಹಾಕಿ" ಅಂದರು. ಮೇ ತಿಂಗಳ ಕೊನೆಯ ವಾರ, ಐವತ್ತು ದಾಟಿದ ನಾವು ನಾಲ್ವರು ಶರಾವತಿಯ ಹಿನ್ನೀರಿಗೆ ಹೊರಟದ್ದು ಹೀಗೆ.

"ಆಫ್ ಸೀಸನ್ನಲ್ಲೇ ಹೋಗಬೇಕು ಕಣ್ರೋ. ಜನ ಇರಲ್ಲ, ಗಲಾಟೆ ಇರಲ್ಲ. ಸುಮ್ಮನೆ ಬಿದ್ಕೊಂಡಿರಬಹುದು" ಅಂದಿದ್ದ ಬ್ಯಾಂಕಿನವನು. ಏನೇನು ಇರುವುದಿಲ್ಲ ಎಂಬ ಅವನ ಪಟ್ಟಿಯಲ್ಲಿ ಮುಖ್ಯವಾದ ಒಂದು ಬಿಟ್ಟುಹೋಗಿತ್ತು. ನೀರು.

ದಾರಿಯಲ್ಲಿ ಜೋಗಕ್ಕೆ ಇಣುಕಿದಾಗಲೇ ಸೂಚನೆ ಸಿಕ್ಕಿತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬಂಡೆಯ ಮೇಲೆ ಸುಣ್ಣ ಬಳಿದು ಅಳಿಸಿದ ಗುರುತಿನ ಹಾಗೆ ಕಾಣುತ್ತಿದ್ದರು. ಆದರೂ ಅಣೆಕಟ್ಟಿನ ಹಿಂದೆ ನೀರು ಇದ್ದೇ ಇರುತ್ತದೆ ಎಂದು ಮೇಷ್ಟ್ರು ಧೈರ್ಯ ಹೇಳಿದರು. ಅವರು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು, ನಂಬಿದೆವು.

ಕಾಡಿನಲ್ಲಿ ಕಂಡಕಂಡಲ್ಲಿ ಟೆಂಟು ಹೊಡೆಯುವಂತಿಲ್ಲ. ಅದಕ್ಕೇ ಮೇಷ್ಟ್ರ ಹಳೇ ಶಿಷ್ಯನೊಬ್ಬನ ಅಜ್ಜನ ಮನೆ ಗೊತ್ತುಮಾಡಿಕೊಂಡಿದ್ದೆವು. ಮನೆಯ ಹಿಂದಿನ ಬ್ಯಾಣದಲ್ಲಿ ನಿಂತರೆ ಹಿನ್ನೀರು ಕಾಣುತ್ತದೆ ಎಂದು ಶಿಷ್ಯ ಹೇಳಿದ್ದ. ಕಂಡಿತು, ಸುಳ್ಳಲ್ಲ. ಕೆಂಪು ಮಣ್ಣಿನ ಬಯಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇಳಿದು, ಎಲ್ಲೋ ದೂರದಲ್ಲಿ ಒಗೆದು ಹರವಿದ ಪಂಚೆಯಂಥ ಒಂದು ಬಿಳಿ ಗೆರೆ.

"ಪೂರ್ತಿ ತುಂಬಿದರೆ 1,819 ಅಡಿ. ಆಗ ಇಲ್ಲೇ, ಈ ಬೇಲಿ ಬುಡದಲ್ಲೇ ನೀರು" ಅಂದರು ಅಜ್ಜ. "ನೀವು ಎಂತಕ್ಕೆ ಈಗ ಬಂದ್ರಿ ಮಾರಾಯ್ರೆ?"

"ಆಫ್ ಸೀಸನ್ ಅಜ್ಜ, ಆರಾಮಾಗಿರೋಣ ಅಂತ."

"ಹಾಂ" ಎಂದು ಅಜ್ಜ ಕೊಟ್ಟಿಗೆ ಕಡೆ ಹೋದರು.

ಆ ನೀರು ಎಲ್ಲಿ ಹೋಯಿತೆಂದು ಯೋಚಿಸಿದರೆ ಕಳ್ಳರು ನಾವೇ. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟಿಗೆ ಈ ಜಲಾಶಯವೇ ಆಧಾರ. ಏಪ್ರಿಲ್ ಪೂರ್ತಿ ನಾವು ಬೆಂಗಳೂರಿನಲ್ಲಿ ಎಸಿ ಹಾಕಿಕೊಂಡು, ಹಿನ್ನೀರಿನಲ್ಲಿ ತೇಲುವ ವಿಡಿಯೋ ನೋಡಿಕೊಂಡು ಕೂತಿದ್ದೆವಲ್ಲ, ನಮ್ಮ ಕಯಾಕಿನ ಕೆಳಗಿರಬೇಕಾದ ನೀರನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದೆವು.

ಬೆಳಗ್ಗೆ ಕಾಲಿನಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬಿದೆವು. ಇದನ್ನು ನೀರಿನ ಪಕ್ಕದಲ್ಲಿ ಮಾಡಬೇಕೆಂಬುದು ಕಯಾಕ್ ಪೂರ್ತಿ ಉಬ್ಬಿದ ಮೇಲೆ ಹೊಳೆಯಿತು. ಆಮೇಲೆ ನಾಲ್ವರೂ ಅದನ್ನು ತಲೆಯ ಮೇಲೆ ಹೊತ್ತು, ಲೈಫ್ ಜಾಕೆಟ್ ತೊಟ್ಟು, ಹೆಜ್ಜೆ ಹೆಜ್ಜೆಗೂ ಬಿರುಕುಬಿಟ್ಟ ಮಣ್ಣಿನಲ್ಲಿ ಮುಕ್ಕಾಲು ಗಂಟೆ ಇಳಿದೆವು. ದೂರದಿಂದ ನೋಡಿದವರಿಗೆ ಯಾರದೋ ಅಂತ್ಯಯಾತ್ರೆಯಂತೆ ಕಂಡಿರಬೇಕು. ಒಂದು ನಾಯಿ ಬಹಳ ಗಂಭೀರವಾಗಿ ನಮ್ಮ ಹಿಂದೆಯೇ ಬಂತು.

ನೀರು ಸಿಕ್ಕಿತು. ಇಬ್ಬರು ಕೂರುವ ಕಯಾಕಿನಲ್ಲಿ ಮುಂದೆ ಕೂತವನು ಹುಟ್ಟು ಹಾಕುವ ಲಯ ಹಿಡಿಯಬೇಕು, ಹಿಂದೆ ಕೂತವನು ದಿಕ್ಕು ನೋಡಿಕೊಳ್ಳಬೇಕು. ಇದನ್ನು ಬಲ್ಲವರು ವಿಚ್ಛೇದನದ ದೋಣಿ ಎಂದು ಸುಮ್ಮನೆ ಕರೆಯುವುದಿಲ್ಲ. ಮುಂದೆ ಬ್ಯಾಂಕಿನವನು, ಹಿಂದೆ ನಾನು. ನಮ್ಮದು ನಲವತ್ತು ವರ್ಷದ ಸ್ನೇಹ. ಹತ್ತು ನಿಮಿಷದಲ್ಲಿ ಅವನು ನನ್ನ ತಂದೆಯವರನ್ನೂ ನಾನು ಅವನ ಪ್ರಮೋಷನ್ನನ್ನೂ ಎತ್ತಿ ಆಡುವ ಮಟ್ಟಕ್ಕೆ ಬಂದಿದ್ದೆವು. ದಡದಲ್ಲಿ ನಿಂತ ಮೇಷ್ಟ್ರು ನ್ಯೂಟನ್ನನ ಮೂರನೇ ನಿಯಮ ಕೂಗಿ ಹೇಳುತ್ತಿದ್ದರು. ಕಯಾಕ್ ಯಾರ ಮಾತನ್ನೂ ಕೇಳದೆ ಒಂದೇ ಕಡೆ ಗಿರಗಿರ ಸುತ್ತುತ್ತಿತ್ತು.

ಆಗ "ಪುಸ್" ಎಂಬ ಸಣ್ಣ ಸದ್ದು.

ಹಿನ್ನೀರು ಇಳಿದಾಗ ಮೇಲೆ ಬರುವುದು ಮಣ್ಣೊಂದೇ ಅಲ್ಲ. ಹಳೆಯ ಕಾಡಿನ ಮರದ ಬುಡಗಳು ಕಪ್ಪಗೆ, ಚೂಪಗೆ, ಕೆಲವು ನೀರಿನ ಮೇಲೆ, ಹಲವು ನೀರಿಗೆ ಎರಡು ಬೆರಳು ಕೆಳಗೆ, ಕಾದಿರುತ್ತವೆ. ಗಾಳಿ ತುಂಬಿದ ದೋಣಿಯನ್ನು ಅಲ್ಲಿಗೆ ಒಯ್ಯುವುದೆಂದರೆ ಬಲೂನು ಹಿಡಿದುಕೊಂಡು ಮುಳ್ಳಿನ ಬೇಲಿ ಹತ್ತಿದಂತೆ. ಎಡಮಗ್ಗುಲು ಮೆಲ್ಲಗೆ ಜೋತುಬಿತ್ತು. ನಾವಿಬ್ಬರೂ ಜಗಳ ಬಿಟ್ಟು ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

"ಇಳೀರಿ, ಇಳೀರಿ, ಹೆದರಬೇಡಿ!" ಎತ್ತಿನ ನೀರಡಿಕೆಗೆಂದು ಇಳಿದು ಬಂದಿದ್ದ ಅಜ್ಜ ದಡದಿಂದ ಕೂಗಿದರು. "ಅಲ್ಲಿ ಸೊಂಟದ ಮಟ್ಟಕ್ಕಿಂತ ಜಾಸ್ತಿ ಇಲ್ಲ. ನೀವಿರೋದು ನಮ್ಮ ತೋಟದ ದಾರಿ ಮೇಲೆ. ಹಾಗೇ ನೇರ ಬನ್ನಿ. ಬಲಗಡೆ ಹೋಗಬೇಡಿ, ಬಾವಿ ಇದೆ."

ಇಳಿದೆವು. ಕಾಲಿಗೆ ನಿಜವಾಗಿಯೂ ಗಟ್ಟಿ ನೆಲ ಸಿಕ್ಕಿತು. 1964ರಲ್ಲಿ ಈ ನೀರನ್ನು ಹಿಡಿದಿಟ್ಟ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಅಜ್ಜನಿಗೆ ಎಂಟು ವರ್ಷ. ಆ ಎಂಟು ವರ್ಷದ ಹುಡುಗ ಓಡಾಡಿದ ದಾರಿಯಲ್ಲಿ ನಾವಿಬ್ಬರು ಒದ್ದೆ ಚಡ್ಡಿಯಲ್ಲಿ, ಸೊರಗಿದ ಕಯಾಕನ್ನು ಎಳೆದುಕೊಂಡು ನಡೆದು ಬಂದೆವು. ಬಲಗಡೆ ಯಾರೂ ಹೋಗಲಿಲ್ಲ.

ವಾಪಸು ಹತ್ತುವಾಗ ಅಜ್ಜ ಹಿರೇಭಾಸ್ಕರ ಅಣೆಕಟ್ಟಿನ ಕತೆ ಹೇಳಿದರು. ಲಿಂಗನಮಕ್ಕಿಗೂ ಮೊದಲು ಮಡೆನೂರಿನ ಹತ್ತಿರ ಇದ್ದ ಅಣೆಕಟ್ಟು ಅದು. ಹೊಸದು ಬಂದಾಗ ಊರುಗಳ ಜತೆಗೆ ಅದೂ ಮುಳುಗಿ, ಈಗ ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆದ್ದು ಕಾಣುತ್ತದೆ. "ನೀರು ಹಿಡಿಯೋಕೆ ಕಟ್ಟಿದ್ದೇ ನೀರು ಪಾಲಾಯ್ತು. ನಿಮ್ಮದು ಯಾವ ಲೆಕ್ಕ, ಬಿಡಿ" ಎಂದು ಸಮಾಧಾನ ಮಾಡಿದರು.

ಇನ್ನಾದರೂ ಬಿದ್ದುಕೊಳ್ಳೋಣವೆಂದು ಟೆಂಟಿನ ಹತ್ತಿರ ಬಂದರೆ, ಟೆಂಟಿನ ಮುಂದೆ ಹಾಸಿದ್ದ ನಮ್ಮ ಶೀಟಿನ ಮೇಲೆ ಹಲಸಿನ ಹಪ್ಪಳಗಳು ಸಾಲಾಗಿ ಒಣಗುತ್ತಿದ್ದವು. ಮೇ ಕೊನೆ ನಮಗೆ ಆಫ್ ಸೀಸನ್. ಆ ಮನೆಗೆ ಅದರಷ್ಟು ತುರ್ತಿನ ಸೀಸನ್ ಇನ್ನೊಂದಿಲ್ಲ. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಳಗೆ ಸೇರಬೇಕು, ದರಗು ತುಂಬಬೇಕು, ನಾಲ್ಕು ತಿಂಗಳ ಹಪ್ಪಳ ಡಬ್ಬಿಯಲ್ಲಿರಬೇಕು. "ತಮಾ, ಖಾಲಿ ಕೂತಿದ್ದೀರಲ್ಲ, ಕಾಗೆ ನೋಡ್ಕಳಿ" ಎಂದು ಅಜ್ಜಿ ಬ್ಯಾಂಕಿನವನ ಕೈಗೆ ಕೋಲು ಕೊಟ್ಟರು. ಬ್ರ್ಯಾಂಚ್ ಮ್ಯಾನೇಜರಾಗಿದ್ದವನು ಸಂಜೆವರೆಗೆ ಕಾಗೆ ಓಡಿಸಿದ. ನಮಗೆ ಮೂವರಿಗೆ ಕಟ್ಟಿಗೆ ಸಾಗಿಸುವ ಕೆಲಸ. ನಡುವೆ ಮೇಷ್ಟ್ರು ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿ ಕಯಾಕಿಗೆ ತೇಪೆ ಹಾಕಿ, ಗಾಳಿ ತುಂಬಿ, ನಿಲ್ಲುತ್ತದೋ ನೋಡಲೆಂದು ಅಂಗಳದ ಮೂಲೆಯಲ್ಲಿ ಸೂರಿನ ಕೆಳಗೆ ಇಟ್ಟರು.

ನಾಲ್ಕೂವರೆಗೆ ಗುಡುಗು. "ಹಪ್ಪಳಾ!" ಎಂದು ಅಜ್ಜಿ ಕೂಗಿದ್ದೊಂದೇ ಗೊತ್ತು. ನಾಲ್ವರೂ ಶೀಟಿನ ನಾಲ್ಕು ಮೂಲೆ ಹಿಡಿದು, ಬೆಳಗ್ಗೆ ಕಯಾಕ್ ಹೊತ್ತ ಅದೇ ಅನುಭವದಿಂದ, ಒಂದೇ ಲಯದಲ್ಲಿ ಜಗಲಿಗೆ ಓಡಿದೆವು. ಅಷ್ಟು ಹೊಂದಾಣಿಕೆ ನೀರಿನ ಮೇಲೆ ತೋರಿಸಿದ್ದರೆ ಆಚೆ ದಡ ಮುಟ್ಟಿರುತ್ತಿದ್ದೆವು. ತಿರುಗಿ ನೋಡಿದರೆ ಟೆಂಟು ಗಾಳಿಗೆ ಹಾರಿ ಬೇಲಿ ದಾಟಿತ್ತು. ಯಾರಿಗೂ ಅದರ ಮೇಲೆ ಮನಸ್ಸಿರಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ ಮಲಗಿದೆವು.

ಬೆಳಗ್ಗೆ ಮಳೆ ನಿಂತಿತ್ತು. ಆ ಮನೆಯಲ್ಲಿ ಮೊಬೈಲು ಸಿಗ್ನಲ್ ಸಿಗುವುದು ಕೊಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಎಮ್ಮೆಯ ಪಕ್ಕ ನಿಂತಿದ್ದ ಬ್ಯಾಂಕಿನವನಿಗೆ ಹೆಂಡತಿಯ ಫೋನ್ ಬಂತು. ತೇಲಿತೋ ಇಲ್ಲವೋ ಎಂಬ ಪ್ರಶ್ನೆ ನಮಗೂ ಕೇಳಿಸಿತು. ಅವನು ಅಂಗಳದ ಕಡೆ ನೋಡಿದ. ಸೂರಿನ ನೀರೆಲ್ಲ ಸುರಿದು ಕಯಾಕ್ ಕಂಠದವರೆಗೆ ತುಂಬಿತ್ತು. ತೇಪೆ ಗಟ್ಟಿಯಾಗಿ ನಿಂತಿತ್ತು. ಒಂದು ತುದಿಯಲ್ಲಿ ಕರು ನೀರು ಕುಡಿಯುತ್ತಿತ್ತು. ನಡುವೆ, ನಿನ್ನೆಯ ಗಡಿಬಿಡಿಯಲ್ಲಿ ಜಾರಿಬಿದ್ದ ಒಂದು ಹಪ್ಪಳ.

"ತೇಲ್ತಾ ಇದೆ ಕಣೇ" ಅಂದ.