ಚಪ್ಪಾಳೆ ಸಾರ್ ಮತ್ತು ಅವರ ಹದ್ದು

ಚಪ್ಪಾಳೆ ಸಾರ್ ಬರುತ್ತಾರೆಂದರೆ ನನಗೆ ಎರಡು ದಿನ ಮುಂಚೆಯೇ ತಲೆನೋವು ಶುರು. ನಾನು ದೊಡ್ಡಬಳ್ಳಾಪುರದ ಪಕ್ಕ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಟೋರ್ ಕೀಪರ್. ದಾರ, ಗುಂಡಿ, ಜಿಪ್ಪಿನ ಲೆಕ್ಕ ನನ್ನ ಕೆಲಸ. ಹಿಂದೊಮ್ಮೆ ರಾಜ್ಯೋತ್ಸವದ ಬ್ಯಾನರನ್ನು ಅಕ್ಷರ ತಪ್ಪಿಲ್ಲದೆ ಬರೆಸಿಬಿಟ್ಟೆ. ಆ ಅಪರಾಧಕ್ಕೆ ಸ್ವಾಗತ, ನಿರೂಪಣೆ, ವಂದನಾರ್ಪಣೆ, ಅತಿಥಿಗಳನ್ನು ಬಸ್ ಸ್ಟ್ಯಾಂಡಿಗೆ ಬಿಡುವುದು ಎಲ್ಲವೂ ನನ್ನ ಕೊರಳಿಗೆ ಬಿತ್ತು.

ಚಪ್ಪಾಳೆ ಸಾರ್ ಎಂಬ ಹೆಸರನ್ನು ಇಟ್ಟವರು ನಮ್ಮ ಟೈಲರ್ ಹೆಣ್ಣುಮಕ್ಕಳು. ಕಾರ್ಮಿಕರಲ್ಲಿ ಹುರುಪು ತುಂಬುವ ಭಾಷಣ ಸಾರ್ ಕಸುಬು. ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ, ಹೊಸಕೋಟೆ ಕಡೆಯ ಪಿಳ್ಳಗುಂಪೆ, ಎಲ್ಲಿ ಫ್ಯಾಕ್ಟರಿಯ ಶೀಟು ಕಂಡರೂ ಅವರು ಒಮ್ಮೆ ಹೋಗಿ ಬಂದಿರುತ್ತಾರೆ. ವೇದಿಕೆ ಹತ್ತಿದ ಕೂಡಲೇ, "ಏನಿದು, ಬೆಳಿಗ್ಗೆ ತಿಂಡಿ ತಿಂದಿಲ್ವಾ? ಇನ್ನೊಂದ್ಸಲ, ಜೋರಾಗಿ!" ಬೆಳಗಿನಿಂದ ಕಾಲರ್ ಕೂಡಿಸಿ ಕೂಡಿಸಿ ಜೋಮು ಹಿಡಿದ ಕೈಗಳವು. ಟಾರ್ಗೆಟ್ ಮುಗಿಸಿದ ಮೇಲೆ ಚಪ್ಪಾಳೆಯದೂ ಒಂದು ಟಾರ್ಗೆಟ್.

ಕಾದ ಶೀಟಿನ ಕೆಳಗೂ ಸಾರ್ ಕೋಟು ಬಿಚ್ಚುವುದಿಲ್ಲ. ಪರದೆಯ ಮೇಲೆ ಮನಶ್ಶಾಸ್ತ್ರಜ್ಞ ಮ್ಯಾಸ್ಲೋನ ಅಗತ್ಯಗಳ ತ್ರಿಕೋನ ಬಂದೇ ಬರುತ್ತದೆ. 1943ರಲ್ಲಿ ಮ್ಯಾಸ್ಲೋ ಬರೆದ ಲೇಖನದಲ್ಲಿ ಅಂಥ ತ್ರಿಕೋನವೇ ಇಲ್ಲ, ಅದನ್ನು ಆಮೇಲೆ ಬೇರೆಯವರು ಕಟ್ಟಿದ್ದು. ತುದಿಯಲ್ಲಿ ಆತ್ಮಸಾಕ್ಷಾತ್ಕಾರ, ಬುಡದಲ್ಲಿ ಅನ್ನ, ನೀರು, ನಿದ್ದೆ. ಸಾರ್ ಬೆರಳು ತುದಿಯ ಮೇಲಿರುತ್ತದೆ. ಗೌರಿಬಿದನೂರಿನಿಂದ ಕತ್ತಲಲ್ಲೇ ಹೊರಟು ಬಂದವರ ಕಣ್ಣು ಬುಡದ ನಿದ್ದೆಯ ಮೇಲಿರುತ್ತದೆ.

ಆಮೇಲೆ 'ಕಾಯಕವೇ ಕೈಲಾಸ'. ಆ ಮಾತು ಆಯ್ದಕ್ಕಿ ಮಾರಯ್ಯನ ವಚನದ್ದು, ಸಾರ್ ಅದನ್ನು ಬಸವಣ್ಣನವರ ಖಾತೆಗೆ ಜಮಾ ಮಾಡುತ್ತಾರೆ. ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸು ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಗದರಿಸಿ ಕಳಿಸಿದ ಕಥೆಯನ್ನು ಮಾತ್ರ ಯಾವತ್ತೂ ಹೇಳಿದವರಲ್ಲ. ಅದನ್ನು ಹೇಳಬೇಕಾದದ್ದು ಮುಂದಿನ ಸಾಲಿನ ಸೋಫಾಗಳಿಗೆ.

ಇಷ್ಟನ್ನೂ ಸಹಿಸಿಕೊಂಡೇನು. ಹದ್ದನ್ನು ಸಹಿಸಲಾರೆ.

ಹದ್ದಿಗೆ ನಲವತ್ತು ವರ್ಷವಾದಾಗ ಕೊಕ್ಕು ಬಾಗುತ್ತದಂತೆ, ಉಗುರು ಮೊಂಡಾಗುತ್ತದಂತೆ, ರೆಕ್ಕೆ ಭಾರವಾಗುತ್ತದಂತೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಕುಟ್ಟಿ ಕಳಚಿಕೊಂಡು, ಹೊಸ ಕೊಕ್ಕು ಬಂದ ಮೇಲೆ ಉಗುರು ಕಿತ್ತು, ಹೊಸ ಉಗುರು ಬಂದ ಮೇಲೆ ಪುಕ್ಕ ಕಿತ್ತು, 150 ದಿನ ಕಾದು, ಇನ್ನೂ ಮೂವತ್ತು ವರ್ಷ ಬಾಳುತ್ತದಂತೆ. ಶುದ್ಧ ಬುರುಡೆ. ಹಕ್ಕಿಯ ಕೊಕ್ಕು, ಉಗುರು ನಮ್ಮ ಉಗುರಿನಂತೆ ಸವೆಯುತ್ತ ಬೆಳೆಯುತ್ತಲೇ ಇರುತ್ತವೆ, ಪುಕ್ಕ ತಾನಾಗಿ ಉದುರಿ ಮತ್ತೆ ಬರುತ್ತದೆ. ಕೊಕ್ಕು ಮುರಿದುಕೊಂಡ ಹದ್ದು ಉಪವಾಸ ಸಾಯುತ್ತದೆ, ಅಷ್ಟೇ. ಏಳು ಸಲ ಈ ಕಥೆಗೆ ಮೈಕ್ ಸರಿಮಾಡಿಕೊಟ್ಟಿದ್ದೇನೆ. ಏಳು ಸಲವೂ ವಂದನಾರ್ಪಣೆಯಲ್ಲಿ 'ಮನಮುಟ್ಟುವ ಕಥೆ' ಎಂದವನೂ ನಾನೇ.

ಎಂಟನೆಯ ಸಲ, ನವೆಂಬರ್ ಕೊನೆಯಲ್ಲಿ, ಫಿನಿಶಿಂಗ್ ವಿಭಾಗದ ಟೇಬಲ್‌ಗಳನ್ನು ಗೋಡೆಗೆ ಸರಿಸಿ ರಾಜ್ಯೋತ್ಸವ. ಮುಂದೆ ಕನ್ನಡದವರು, ನಡುವೆ ತೆಲುಗು, ಉರ್ದು ಮನೆಮಾತಿನವರು, ಹಿಂದೆ ಹಾಸ್ಟೆಲಿನ ಒಡಿಶಾ, ಜಾರ್ಖಂಡ್ ಹುಡುಗಿಯರು. ಹದ್ದು ಕನ್ನಡದಲ್ಲಿ ಹೊರಟಿತು. ನಡುವೆ ಯಾರೋ ಹಿಂದಿಗೆ ತಿರುಗಿಸಿದರು, ಅಲ್ಲಿಂದ ಒಡಿಯಾಕ್ಕೆ ಹಾರಿತು. ಹಿಂದಿನ ಗೋಡೆ ಮುಟ್ಟುವ ಹೊತ್ತಿಗೆ ಹಕ್ಕಿ ಹೋಗಿ ಸುದ್ದಿ ಉಳಿದಿತ್ತು: ನಲವತ್ತು ದಾಟಿದವರನ್ನು ಕಂಪನಿ ಐದು ತಿಂಗಳು ಮನೆಗೆ ಕಳಿಸುತ್ತದಂತೆ! ಆ ಸುದ್ದಿ ಕನ್ನಡಕ್ಕೆ ವಾಪಸು ಬಂದಾಗ ಮುಂದಿನ ಸಾಲಿನ ಮೂವರು ಎದ್ದು ನಿಂತರು. ಹುರುಪು ಬಂತೆಂದು ಸಾರ್ ಹಿಗ್ಗಿದರು.

ಚೆಕ್ಕಿಂಗ್ ಟೇಬಲ್‌ನ ಹಿರಿಯಕ್ಕ ಕೈಯೆತ್ತಿದರು. "ಆ ಐದು ತಿಂಗ್ಳು ಅದು ಹೊಟ್ಟೆಗೇನ್ ತಿಂತು ಸಾರ್?"

"ಛಲ ಇತ್ತಮ್ಮ ಅದಕ್ಕೆ, ಛಲ!"

"ಅಲ್ಲ ಸಾರ್, ಇಎಸ್ಐನೋರು ಕಾಯಿಲೆಗೆ ವರ್ಷಕ್ಕೆ 91 ದಿನ ಕೊಡ್ತಾರೆ, ಅದೂ ನೂರಕ್ಕೆ ಎಪ್ಪತ್ತು. ಮಿಕ್ಕಿದ 59 ದಿನ?"

ಅವತ್ತು ಯಾರೂ ಕೇಳದೆ ಬಂತು ನೋಡಿ ಚಪ್ಪಾಳೆ, ಶೀಟು ಅದುರುವ ಹಾಗೆ. ನಾನೂ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದೆ.

ಸಂಜೆ ಸ್ಕೂಟರಿನಲ್ಲಿ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಕೋಟು ಮಡಿಚಿ ಕವರಿಗೆ ಹಾಕಿಕೊಂಡಿದ್ದರು. ಕೋಟಿಲ್ಲದ ಸಾರ್ ಅರ್ಧ ಆಳು. ಟೀ ಕುಡಿಯುತ್ತ, "ಹೋದ ಸಲದ ಪೇಮೆಂಟು..." ಎಂದು ರಾಗ ಎಳೆದರು. ಅಕೌಂಟ್ಸ್‌ನವರು 60 ದಿನ ಅನ್ನುತ್ತಾರೆ ಎಂದೆ. ಹೇಳುವಾಗ ಯಾಕೋ ಅಕ್ಕನ ಲೆಕ್ಕ ನೆನಪಾಯಿತು.

ಆಗಲೇ ಗೊತ್ತಾದದ್ದು, ಇದೇ ಊರಲ್ಲಿ ಅವರಿಗೆ ನಾಲ್ಕು ಪವರ್‌ಲೂಮ್ ಇದ್ದವು. ಸೂರತ್‌ನ ಅಗ್ಗದ ಸೀರೆ ಬಂತು, ಸಾಲ ಏರಿತು, ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಆಗ ಅವರಿಗೆ ವಯಸ್ಸು ನಲವತ್ತೆರಡು. ಪಿಎಫ್, ಇಎಸ್ಐ ಯಾವುದೂ ಇಲ್ಲ. ಒಂದು ಭಾಷಣಕ್ಕೆ ಇಷ್ಟು ಎಂದರೆ ಅದೂ ಪೀಸ್ ರೇಟೇ.

"ಇದನ್ನೇ ಹೇಳಬಹುದಲ್ಲ ಸಾರ್, ವೇದಿಕೆ ಮೇಲೆ?" ಎಂದೆ. ಉಪದೇಶ ಮಾಡುವ ಚಟ ನನಗೂ ಅಂಟಿತ್ತು.

"ಮಗ್ಗ ಮಾರ್ಕೊಂಡೋನ ಮಾತಿಗೆ ಯಾರು ದುಡ್ಡು ಕೊಡ್ತಾರೆ ಸಾರ್? ಹದ್ದಾದ್ರೆ ಕೊನೆಗೆ ಗೆಲ್ತದೆ."

ಬಸ್ ಬಂತು. ಹತ್ತಿ, ಕಿಟಕಿಯಿಂದ ತಲೆ ಹಾಕಿ ಕರೆದರು. "ಆ ಅಕ್ಕನ 59 ದಿನಕ್ಕೆ ಏನಾದ್ರೂ ಉತ್ತರ ಹೊಳೆದ್ರೆ ಫೋನ್ ಮಾಡಿ ಸಾರ್. ನಾಳೆ ದಾಬಸ್‌ಪೇಟೆಯಲ್ಲೂ ಹದ್ದೇ ಇರೋದು."

ಲೆಕ್ಕದಲ್ಲಿ ನಾನು ಗಟ್ಟಿ. ಆದರೂ ಇನ್ನೂ ಫೋನ್ ಮಾಡಿಲ್ಲ.