ದಾಸವಾಳವಿಕಸನಮೀಮಾಂಸೆ

ಶಾಸ್ತ್ರಗ್ರಂಥವೆಂದಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವು ಆವಶ್ಯಕವೆಂದು ಪ್ರಾಚೀನರು ವಿಧಿಸಿರುವುದರಿಂದ, ಅಲಖನೂರದ ಅಂಗಳಗಳಲ್ಲಿ ಅರಳುವ ಹೂವನ್ನು ಟೈಮ್‌ಲ್ಯಾಪ್ಸ್ ಕ್ರಮದಿಂದ ಚಿತ್ರೀಕರಿಸುವ ಈ ನೂತನ ಶಾಸ್ತ್ರಕ್ಕೂ ಅವನ್ನು ಮೊದಲು ಹೇಳತಕ್ಕದ್ದು. ವಿಷಯವು ದಾಸವಾಳ, ಅಧಿಕಾರಿಯು ಫೋನೂ, ಟ್ರೈಪಾಡೂ, ಕಬ್ಬಿಗೆ ನೀರು ಹಾಯಿಸುವ ಪಾಳಿಯಿಲ್ಲದ ಒಂದು ರಾತ್ರಿಯೂ ಉಳ್ಳ ತರುಣ, ಸಂಬಂಧವು ಅವನಿಗೂ ಆ ಗಿಡವನ್ನು ನೆಟ್ಟ ಆಯಿಗೂ ಇರುವಂಥದು, ಪ್ರಯೋಜನವು ವಾಟ್ಸ್‌ಆ್ಯಪ್ ಸ್ಟೇಟಸ್. ಸ್ಟೇಟಸ್ಸಿನ ಆಯುಷ್ಯ 24 ತಾಸು, ದಾಸವಾಳದ ಆಯುಷ್ಯವೂ ಸಾಮಾನ್ಯವಾಗಿ ಒಂದೇ ದಿನ. ಸಾಧ್ಯಸಾಧನಗಳ ಇಂತಹ ಸಾಮರಸ್ಯವು ಅನ್ಯಶಾಸ್ತ್ರಗಳಲ್ಲಿ ದುರ್ಲಭ.

ಇನ್ನು ಪೂರ್ವಾಚಾರ್ಯಸ್ಮರಣೆ. ಯಾವ ಹೂ ಯಾವ ಹೊತ್ತಿಗೆ ಅರಳುವುದೆಂದು ಗುರುತಿಸಿ, ಹೂಗಳಿಂದಲೇ ಗಡಿಯಾರವನ್ನು ಕಲ್ಪಿಸಿದ ಸ್ವೀಡನ್ನಿನ ಲಿನ್ನೇಯಸನು 1751ರಲ್ಲಿ ಅದನ್ನು ಗ್ರಂಥಸ್ಥಗೊಳಿಸಿದನು. ಸಸ್ಯಗಳ ಚಲನೆಯನ್ನು ಸಾಲುಚಿತ್ರಗಳಲ್ಲಿ ಹಿಡಿದವನು ಲೈಪ್‌ತ್ಸಿಗ್‌ನ ಫೆಫರ್. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲಿ ಹೂವಿನ ಜನನವನ್ನು ಬೆಳ್ಳಿತೆರೆಗೆ ತಂದನು. ದಳದ ಒಳಮೈ ಹೊರಮೈಗಿಂತ ಹೆಚ್ಚು ಬೆಳೆಯುವುದರಿಂದ ದಳವು ಹೊರಕ್ಕೆ ಬಾಗುವುದು, ಅದೇ ಅರಳುವಿಕೆ. ಈ ಮಂದಗತಿಯು ಕಣ್ಣಿಗೆ ಅಗೋಚರವಾದುದರಿಂದಲೇ ಯಂತ್ರದ ಅಪೇಕ್ಷೆ. ಇಷ್ಟನ್ನೆಲ್ಲ ಬಲ್ಲ ಈ ಮಹನೀಯರು ಆಯಿಯ ವಿಷಯದಲ್ಲಿ ಮಾತ್ರ ಮೌನ ವಹಿಸಿರುವುದು ಶಾಸ್ತ್ರದ ದೌರ್ಭಾಗ್ಯ.

ಪ್ರಯೋಗವಿಧಿಯು ಇಂತಿದೆ. ರಾತ್ರಿ ಒಂದರಿಂದ ಮುಂಜಾನೆ ಎಂಟರ ವರೆಗಿನ 7 ತಾಸುಗಳಲ್ಲಿ 30 ಸೆಕೆಂಡಿಗೊಂದರಂತೆ ತೆಗೆದರೆ 840 ಚಿತ್ರಗಳಾಗುವುವು; ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ದೊರೆಯುವುದು 35 ಸೆಕೆಂಡಿನ ಚಲಚ್ಚಿತ್ರ. ಇದಕ್ಕೊದಗುವ ವಿಘ್ನಗಳು ತಾಪತ್ರಯದಂತೆ ಮೂರು ಬಗೆ: ಗಾಳಿ ಬೀಸಿ ಮೊಗ್ಗು ತೂಗಾಡುವುದೂ, ಬೆಳಕು ಹರಿದಾಗ ಎಕ್ಸ್‌ಪೋಜರ್ ಬದಲಾಗಿ ಚಿತ್ರವು ಮಿಣುಕುವುದೂ ಆಧಿದೈವಿಕ, ಆಡು ಬಂದು ಎಲೆಯೊಡನೆ ವಿಷಯವನ್ನೂ ಮೇಯುವುದು ಆಧಿಭೌತಿಕ, ಚಿತ್ರಕಾರನಿಗೆ ನಿದ್ದೆ ಹತ್ತುವುದು ಆಧ್ಯಾತ್ಮಿಕ. ಏಳು ಗಂಟೆಗೆ ಸ್ನಾನ ಮುಗಿಸಿ ಪೂಜೆಯ ಬುಟ್ಟಿ ಹಿಡಿದು ಬರುವ ಆಯಿಯನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕೆಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ.

ಇಲ್ಲಿಯೇ ಪ್ರಮಾಣವಿಚಾರವು ಉದ್ಭವಿಸುತ್ತದೆ. ಹೂ ಹರಿಯಲು ಆಯಿಗೆ ಬೇಕಾದುದು ಒಂದು ಸೆಕೆಂಡು; ಯಂತ್ರವು ಕಣ್ಣು ತೆರೆಯುವುದು 30 ಸೆಕೆಂಡಿಗೊಮ್ಮೆ. ಆದುದರಿಂದ ಚಿತ್ರದಲ್ಲಿ ಹೂವು ಬಿರಿಯುತ್ತ ಬಿರಿಯುತ್ತ ಹಠಾತ್ತನೆ ಇಲ್ಲವಾಗುವುದೇ ಹೊರತು ಕೈಯಾಗಲಿ, ಬಳೆಯಾಗಲಿ, ಬುಟ್ಟಿಯಾಗಲಿ ಕಾಣಿಸದು. ನಮ್ಮ ಕಣ್ಣಿಗೆ ನಿಲುಕದ ಮಂದವನ್ನೆಲ್ಲ ಕಂಡ ಯಂತ್ರವು, ಯಾವ ಮುದುಕನ ಕಣ್ಣಿಗೂ ಕಾಣಬಹುದಾದ ತ್ವರಿತವನ್ನು ಕಾಣಲಾರದೆ ಹೋಯಿತು! ಪ್ರತ್ಯಕ್ಷವು ಹೀಗೆ ಕೈಕೊಟ್ಟಮೇಲೆ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಬರಿದಾದ ತೊಟ್ಟಿನಿಂದ ಆಯಿಯನ್ನು ಅನುಮಾನಿಸಬೇಕು. ಆಡಿನಿಂದಲೂ ಹೀಗಾಗಬಹುದಲ್ಲವೆ ಎಂದು ಪೂರ್ವಪಕ್ಷಿಯು ಆಕ್ಷೇಪಿಸಿದರೆ, ಆಡು ತೊಟ್ಟನ್ನು ಉಳಿಸದು ಎಂಬುದೇ ಉತ್ತರ. ಇಷ್ಟಕ್ಕೂ ಸಂಶಯ ಪರಿಹಾರವಾಗದವನಿಗೆ ಶಬ್ದಪ್ರಮಾಣವಿದೆ: “ಏ ತಮ್ಮಾ, ಹೂ ಹಚ್ಚಿದ್ದು ದೇವರಿಗೋ, ನಿನ್ನ ಫೋನಿಗೋ?” ಈ ವಾಕ್ಯಕ್ಕೆ ಇದುವರೆಗೆ ಯಾರೂ ಖಂಡನೆ ಬರೆದಿಲ್ಲ.

ಆದುದರಿಂದ ಸಿದ್ಧಾಂತವಿದು. ಎರಡು ಮೊಗ್ಗುಗಳಿರುವ ಗಿಡವನ್ನೇ ಆರಿಸಿ, ದೊಡ್ಡದನ್ನು ದೇವರಿಗೆ ಬಿಟ್ಟು, ಸಣ್ಣದಕ್ಕೆ ರಾತ್ರಿಯೇ ಆಯಿಯ ಅನುಜ್ಞೆ ಪಡೆಯತಕ್ಕದ್ದು. ಮೊಗ್ಗು ಒಂದೇ ಇದ್ದ ಪಕ್ಷದಲ್ಲಿ ಚಿತ್ರವು 30 ಸೆಕೆಂಡಿನದೆಂದೇ ಮೊದಲು ಲೆಕ್ಕ ಹಾಕಿಕೊಳ್ಳತಕ್ಕದ್ದು.