ವಿರೂಪಾಕ್ಷಿಪುರ ಹೋಬಳಿಯ ಉದರ ಮೀಮಾಂಸೆ

ಜೀವ, ಜಗತ್ತು, ಮಾಯೆಗಳ ಮೇಲೆ ಸಾವಿರಾರು ಪುಟ ಬರೆದ ನಮ್ಮ ಪೂರ್ವಸೂರಿಗಳು ಹೊಟ್ಟೆಯ ಸುತ್ತಳತೆಯ ವಿಚಾರದಲ್ಲಿ ಮೌನ ತಾಳಿದ್ದಾರೆ. ಈ ಕೊರತೆಯನ್ನು ತುಂಬಲು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರವನ್ನು ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ. ಈ ಸೀಮೆಯಲ್ಲಿ ಮುದ್ದೆ ಗುಂಡಗಿದೆ, ಮುದ್ದೆ ಉಂಡವರೂ ಗುಂಡಗಾಗುತ್ತಿದ್ದಾರೆ. ಮೊದಲನೆಯದು ಸಂಪ್ರದಾಯ, ಎರಡನೆಯದಕ್ಕೆ ಭಾಷ್ಯ ಬೇಕು.

ತೂಕವನ್ನು ಎತ್ತರಕ್ಕೆ ತಾಳೆ ಹಾಕಿ ಬೊಜ್ಜು ಹೇಳುವ ಬಿಎಂಐ ಶಾಸ್ತ್ರದ ಸೂತ್ರಕಾರರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಇವರು ವೈದ್ಯರಲ್ಲ, ಬ್ರಸೆಲ್ಸ್‌ನಲ್ಲಿ ವೀಕ್ಷಣಾಲಯ ಸ್ಥಾಪಿಸಿದ ಖಗೋಳಶಾಸ್ತ್ರಿ. ನಕ್ಷತ್ರ ನೋಡುವವರು ಮನುಷ್ಯನ ಆಯುಷ್ಯ ಹೇಳುವುದು ನಮಗೇನೂ ಹೊಸದಲ್ಲವಾದ್ದರಿಂದ ಆಕ್ಷೇಪವಿಲ್ಲ. 1835ರ ತಮ್ಮ ಗ್ರಂಥದಲ್ಲಿ ಅವರು ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದರು; ಯಾರ ಬೊಜ್ಜನ್ನೂ ಅಳೆಯುವ ಉದ್ದೇಶ ಅವರಿಗಿರಲಿಲ್ಲ. ಬೆಳೆದವರ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿದರು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ಭಾಷ್ಯಕಾರರು ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ನಾಮಕರಣ ಮಾಡಿದರು. ಅವರು ನೋಡಿದ್ದೂ ಗುಂಪುಗುಂಪು ಜನರನ್ನು. ಒಬ್ಬೊಬ್ಬನನ್ನೇ ಹಿಡಿದು ತೂಕದ ಮಿಷನ್ ಮೇಲೆ ನಿಲ್ಲಿಸಿದ ಕೀರ್ತಿ ಶಿಷ್ಯಪರಂಪರೆಗೆ ಸಲ್ಲಬೇಕು.

ಲೆಕ್ಕ ಸುಲಭ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಬೇಕು. 165 ಸೆಂಟಿಮೀಟರ್ ಎತ್ತರ, 66 ಕಿಲೋ ತೂಕದ ರೈತನೊಬ್ಬನಿಗೆ 24.2 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿ 18.5ರಿಂದ 24.9ರವರೆಗೆ ಎಲ್ಲರನ್ನೂ ಸುಖಿ ಎನ್ನುತ್ತದೆ. ಆದರೆ ಭಾರತದ ತಜ್ಞರು 2009ರಲ್ಲಿ ಬರೆದ ವಾರ್ತಿಕದ ಪ್ರಕಾರ ನಮ್ಮವರಿಗೆ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು. ಅಂದರೆ ಇದೇ ರೈತ ಜಿನೀವಾದಲ್ಲಿ ವಿಮಾನ ಇಳಿದರೆ ಆರೋಗ್ಯವಂತ, ವಿರೂಪಾಕ್ಷಿಪುರದಲ್ಲಿ ಬಸ್ ಇಳಿದರೆ ರೋಗದ ಹೊಸ್ತಿಲಲ್ಲಿದ್ದಾನೆ. ದಾರಿಯಲ್ಲಿ ಅವನು ಒಂದು ವಡೆಯನ್ನೂ ತಿಂದಿಲ್ಲ.

ಇದು ಅನ್ಯಾಯವೆಂದು ಅರಳಿಕಟ್ಟೆಯಲ್ಲಿ ಮೂರು ದರ್ಶನಗಳು ಹುಟ್ಟಿಕೊಂಡಿವೆ. ಅಸ್ಥಿವಾದಿಗಳು “ನಂದು ಮೂಳೆ ತೂಕ ಕಣಣ್ಣ” ಎನ್ನುತ್ತಾರೆ. ವಾಯುವಾದಿಗಳು ಹೊಟ್ಟೆ ತಟ್ಟಿ ತೋರಿಸಿ “ಬೊಜ್ಜೆಲ್ಲೈತೆ, ಬರೀ ಗ್ಯಾಸು” ಎಂದು ಸಾಧಿಸುತ್ತಾರೆ. ತಟ್ಟಿದಾಗ ಬರುವ ಸದ್ದೇ ಅವರಿಗೆ ಪ್ರತ್ಯಕ್ಷ ಪ್ರಮಾಣ. ಮೂರನೆಯವರು ಮುದ್ದೆವಾದಿಗಳು. ರಾಗಿ ಉಂಡವನಿಗೆ ಶುಗರ್ ಬರುವುದಿಲ್ಲ ಎಂಬುದು ಇವರ ಮಹಾವಾಕ್ಯ. ರಾಗಿಯಲ್ಲಿ ನಾರಿದೆ, ಸುಣ್ಣದಂಶವಿದೆ, ಒಪ್ಪಿದೆ. ಆದರೆ ಅದರ ಬಹುಭಾಗ ಪಿಷ್ಟವೇ. ತಾತನ ಕಾಲದ ಮುದ್ದೆಯ ಗಾತ್ರ ಹಾಗೇ ಇದೆ, ಕಪಿಲೆ ಹೋಗಿ ಬೋರ್‌ವೆಲ್ ಬಂತು, ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಹೊಲಕ್ಕೂ ಬೈಕೇ. ಮುದ್ದೆಯದೇನೂ ತಪ್ಪಿಲ್ಲ.

ಸೂತ್ರದ ನಿಜವಾದ ದೋಷ ಬೇರೆಯೇ ಇದೆ. ಅದು ಹಾಲಿನ ಡೇರಿಯಲ್ಲಿ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಹಾಲನ್ನು ಬರೀ ಅಳೆದು ಯಾರೂ ದುಡ್ಡು ಕೊಡುವುದಿಲ್ಲ. ಚೂರು ಹಾಲನ್ನು ಮಿಷನ್ನಿಗೆ ಹಿಡಿದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬಲ್ಲದ ಘನಾಂಶ ಎಷ್ಟು ಎಂದು ನೋಡುತ್ತಾರೆ. ಪಾಯಿಂಟ್ ಒಂದು ಕಮ್ಮಿ ಬಂದರೂ ಅಲ್ಲಿ ಜಗಳ. ಹಸುವಿನ ಹಾಲಿಗೆ ಸಿಕ್ಕ ಈ ನ್ಯಾಯ ಹಸು ಕಟ್ಟಿದವನಿಗೆ ಸಿಕ್ಕಿಲ್ಲ. ಅವನ ತೂಕದಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಬಿಎಂಐ ಕೇಳುವುದೇ ಇಲ್ಲ.

ಇದಕ್ಕೆ ಪ್ರಸಿದ್ಧ ದೃಷ್ಟಾಂತವಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಬ್ಬರು ವಿಜ್ಞಾನಿಗಳ ಫೋಟೋ ಅಚ್ಚುಹಾಕಿತು: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್‌ಕಿನ್. ಇಬ್ಬರ ಬಿಎಂಐ ಕೂಡ 22.3. ಯುಡ್‌ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನಮ್ಮ ಕೊಬ್ಬಿಗೆ ಒಂದು ಕೆಟ್ಟ ಗುಣವೂ ಉಂಟು. ಚರ್ಮದಡಿ ಜಾಗ ಸಾಲದೆ ಹೊಟ್ಟೆಯೊಳಗೆ, ಯಕೃತ್ತಿನೊಳಗೆ ನುಗ್ಗಿ ಕೂರುತ್ತದೆ. ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಎಂಬ ಶಿಲ್ಪಶೈಲಿಗೆ ಇದೇ ಮೂಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಬಿಎಂಐ ಹಿಡಿದು ಎಣಿಸಿದಾಗ ಬೊಜ್ಜಿನವರು ಶೇ 28.6, ಹೊಟ್ಟೆ ಹಿಡಿದು ಎಣಿಸಿದಾಗ ಶೇ 39.5.

ಸಣ್ಣಗಿದ್ದರೆ ಸಾಕು ಎನ್ನುವ ಕೃಶವಾದಿಗಳೂ ಹಿಗ್ಗಬಾರದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. ದಶಕಗಳ ನಂತರ ಆ ಕೂಸುಗಳನ್ನು ಹುಡುಕಿ, 45 ದಾಟಿದವರ ಹೃದಯ ಪರೀಕ್ಷಿಸಿದಾಗ, 1996ರ ವರದಿಯಂತೆ, ಎರಡೂವರೆ ಕಿಲೋ ಅಥವಾ ಅದಕ್ಕೂ ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.2 ಕಿಲೋ ಮೀರಿ ಹುಟ್ಟಿದವರಲ್ಲಿ ಶೇ 3. ಸೊರಗಿ ಹುಟ್ಟಿ ಆಮೇಲೆ ದಪ್ಪಗಾಗುವುದು ಅಪಾಯದ ದಾರಿ. “ಯಾಕ್ಲಾ ಮಗ, ಹಿಂಗ್ ಸೊರಗೋಗಿದ್ದೀಯ” ಎಂದು ಎರಡನೇ ಮುದ್ದೆ ಹಾಕುವ ಅಜ್ಜಿಯರು ಈ ವರದಿ ಓದಿಲ್ಲ.

ಹಾಗೆಂದು ಸೂತ್ರವನ್ನು ತಿಪ್ಪೆಗೆ ಎಸೆಯಲಾಗದು. ಬಿಎಂಐ ಏರಿದಂತೆ ಸಕ್ಕರೆ ಕಾಯಿಲೆ, ಬಿಪಿ, ಹೃದಯಾಘಾತ, ಮಂಡಿನೋವು, ನಿದ್ದೆಯಲ್ಲಿ ಉಸಿರುಕಟ್ಟುವ ಗೊರಕೆ ಇವೆಲ್ಲ ಹೆಚ್ಚುವುದು ಸಿದ್ಧವಾದ ಮಾತು. ಅದರ ಜೊತೆಗೆ ದರ್ಜಿಯ ಟೇಪೂ ಇರಲಿ ಎಂಬುದಷ್ಟೇ ನಮ್ಮ ಸಿದ್ಧಾಂತ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. “ನನ್ನ ಪ್ಯಾಂಟ್ ಇನ್ನೂ 34” ಎಂಬ ವಾದ ಅಸಿಂಧು. ಆ ಪ್ಯಾಂಟು ಹೊಟ್ಟೆಯ ತಪ್ಪಲಿನಲ್ಲಿದೆ, ಅಳೆಯಬೇಕಾದ್ದು ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ಪಂಚೆಯವರಿಗೆ ಈ ಭ್ರಾಂತಿಯಿಲ್ಲ, ಆಧಾರವೂ ಇಲ್ಲ.

ಗಡಿ ದಾಟಿದವರು ಕಟ್ಟೆಯಲ್ಲಿ ವಾದ ಮುಂದುವರಿಸದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. 30 ವರ್ಷ ತುಂಬಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ.